ಜ್ಯೋತಿ ಸ್ಟಾಪಿನಿಂದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟ ಸಿಟಿ ಬಸ್ಸಿನಲ್ಲಿ ಕಂಡಕ್ಟರು ಈಗಲೂ "ಜ್ಯೋತಿ, ಜ್ಯೋತಿ" ಅಂತ ಕೂಗುತ್ತಾರೆ. ಇಳಿದು ನೋಡಿದರೆ ಜ್ಯೋತಿ ಟಾಕೀಸ್ ಇಲ್ಲ. ಹೆಸರು ಕಂಡಕ್ಟರ ಬಾಯಲ್ಲಿ ಮಾತ್ರ ಉಳಿದಿದೆ.

ರಸ್ತೆ ಹೊಂಡದ ಬಗ್ಗೆ ನಿಮಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಒಬ್ಬ ಥಿಯೇಟರ್ ಮಾಲೀಕರ ವಿಷಯ ಹೇಳುತ್ತೇನೆ, ಸ್ವಲ್ಪ ಕೇಳಿ.

ರಘುಪತಿ ವೆಂಕಯ್ಯ ಹುಟ್ಟಿದ್ದು 1869ರಲ್ಲಿ, ಮಚಲಿಪಟ್ಟಣದಲ್ಲಿ. ಮದರಾಸಿಗೆ ಬಂದು ಫೋಟೋ ಸ್ಟುಡಿಯೋ ನಡೆಸುತ್ತಿದ್ದರು. ಅದರಲ್ಲೇ ಸುಮ್ನೆ ಇರಬಹುದಿತ್ತು. 1910ರ ಹೊತ್ತಿಗೆ ಕ್ರೋನೋಮೆಗಾಫೋನ್ ಎಂಬ ಯಂತ್ರ ಕೊಂಡರು. ತೆರೆಯ ಮೇಲೆ ಚಿತ್ರ, ಜೊತೆಗೆ ಗ್ರಾಮಫೋನ್ ತಟ್ಟೆಯಿಂದ ಸದ್ದು. ಅದನ್ನು ಕಟ್ಟಿಕೊಂಡು ಊರೂರಲ್ಲಿ ಡೇರೆ ಹಾಕಿದರು. ಬರ್ಮಾ, ಸಿಲೋನಿಗೂ ಹೋಗಿ ಬಂದರು. ಆಮೇಲೆ ಮದರಾಸಿನಲ್ಲಿ ಗೇಯಿಟಿ ಕಟ್ಟಿಸಿದರು. ಆ ಊರಿನಲ್ಲಿ ಭಾರತೀಯರೊಬ್ಬರು ಕಟ್ಟಿಸಿದ ಮೊದಲ ಚಿತ್ರಮಂದಿರ ಅದು. ಹಿಂದೆಯೇ ಕ್ರೌನ್, ಗ್ಲೋಬ್. ಬೇರೆಯವರ ಚಿತ್ರ ತೋರಿಸಿದ್ದು ಸಾಕು, ನಾವೇ ತೆಗೆಯೋಣ ಅನಿಸಿತೋ ಏನೋ, ಮಗ ಪ್ರಕಾಶರನ್ನು ಕೆಲಸ ಕಲಿಯಲು ವಿದೇಶಕ್ಕೆ ಕಳಿಸಿದರು. 1921ರ ಸುಮಾರಿಗೆ ಅಪ್ಪ ಮಗನ ಕಂಪನಿಯಿಂದ 'ಭೀಷ್ಮ ಪ್ರತಿಜ್ಞೆ' ಎಂಬ ಮೂಕಿ ಚಿತ್ರ ಬಂತು. ವೆಂಕಯ್ಯ 1941ರಲ್ಲಿ ತೀರಿಕೊಂಡರು.

ತೆಲುಗಿನವರ ಕಥೆ ನಮಗೇಕೆ ಅನ್ನಬೇಡಿ. 1956ರವರೆಗೆ ನಮ್ಮ ಜಿಲ್ಲೆಯೂ ಮದರಾಸಿಗೇ ಸೇರಿತ್ತು. ವೆಂಕಯ್ಯನವರ ಕಾಲದಲ್ಲಿ ಮಚಲಿಪಟ್ಟಣಕ್ಕೂ ಮಂಗಳೂರಿಗೂ ರಾಜಧಾನಿ ಒಂದೇ. ಆಂಧ್ರ ಸರಕಾರ ಅವರ ಹೆಸರಿನಲ್ಲಿ ಪ್ರಶಸ್ತಿ ಇಟ್ಟಿತು. ಟಿಕೆಟ್ ಮಾರಿದವರು ಅಂತ ಬದಿಗೆ ಸರಿಸಲಿಲ್ಲ.

ನಮ್ಮ ಶಿವರಾಮ ಕಾರಂತರೂ 1930ರ ಆಚೀಚೆ 'ಡೊಮಿಂಗೊ', 'ಭೂತರಾಜ್ಯ' ಅಂತ ಎರಡು ಮೂಕಿ ಚಿತ್ರ ಮಾಡಿದ್ದರು. ಇದನ್ನು ಹೇಳಿದರೆ ಅವರ ಕಾದಂಬರಿಗಳನ್ನೆಲ್ಲ ಓದಿದವರೂ "ಹೌದಾ ಮಾರಾಯ್ರೆ?" ಅನ್ನುತ್ತಾರೆ. ಆಗಿನ ನೈಟ್ರೇಟ್ ಫಿಲ್ಮು ಬೇಗ ಬೆಂಕಿ ಹಿಡಿಯುತ್ತಿತ್ತು. ಒಳಗಿನ ಬೆಳ್ಳಿಯ ಆಸೆಗೆ ಕರಗಿಸಿದ್ದೂ ಉಂಟು. ಹಾಗಾಗಿ ದೇಶದಲ್ಲೇ ಮೂಕಿ ಕಾಲದ್ದು ಉಳಿದದ್ದು ತೀರಾ ಕಡಿಮೆ. ಹೋದ ಫಿಲ್ಮನ್ನು ನೀವು ತಂದುಕೊಡಲು ಆಗುವುದಿಲ್ಲ, ನಾನು ಕೇಳುತ್ತಲೂ ಇಲ್ಲ.

ನನ್ನ ಅಪ್ಪ ಈ ಊರಿನ ಒಂದು ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುವ ಆಪರೇಟರ್ ಆಗಿದ್ದರು. ಎರಡು ಕಾರ್ಬನ್ ಕಡ್ಡಿಗಳ ನಡುವೆ ಹೊತ್ತಿದ ಬೆಳಕೇ ತೆರೆಯ ಬೆಳಕು. ಕಡ್ಡಿ ಸವೆದ ಹಾಗೆ ಹತ್ತಿರ ತರುತ್ತಾ ಇರಬೇಕು. ಕಣ್ಣು ತಪ್ಪಿದರೆ ತೆರೆ ಮಂಕು, ಕೆಳಗಿನಿಂದ ಸಿಳ್ಳೆ. ರೀಲು ಮುಗಿಯುವಾಗ ತೆರೆಯ ಬಲ ಮೂಲೆಯಲ್ಲಿ ಒಂದು ಚುಕ್ಕಿ ಮಿನುಗುತ್ತದೆ. ಮೊದಲ ಚುಕ್ಕಿಗೆ ಮುಂದಿನ ರೀಲಿರುವ ಪಕ್ಕದ ಮಿಷನ್ ಸ್ಟಾರ್ಟ್, ಎರಡನೆಯದಕ್ಕೆ ಚಿತ್ರ ಆ ಮಿಷನ್ನಿಗೆ ಬದಲಿ. ಅಪ್ಪನ ಜೊತೆ ಕೂತು ಕಲಿತ ಮೇಲೆ ನನಗೆ ಕಥೆಗಿಂತ ಚುಕ್ಕಿಯೇ ಜಾಸ್ತಿ ಕಾಣುತ್ತಿತ್ತು. ಟಾಕೀಸ್ ಮುಚ್ಚಿದಾಗ ಎರಡೂ ಮಿಷನ್ ಗುಜರಿಗೆ ಹೋದವು, ಕಿಲೋ ಲೆಕ್ಕದಲ್ಲಿ. ಅಪ್ಪ ನೋಡಲು ಹೋಗಲಿಲ್ಲ.

ಹಾಗಾಗಿ ನಾನು ಕೇಳುವುದು ಒಂದು ಕೋಣೆ. ಪುರಭವನದಲ್ಲಿ ಆದರೂ ಸರಿ, ಬೇರೆ ಯಾವುದಾದರೂ ಸರಕಾರಿ ಕಟ್ಟಡದಲ್ಲಿ ಆದರೂ ಸರಿ. ಮಳೆಗಾಲದಲ್ಲಿ ಸೋರಬಾರದು, ಅಷ್ಟೇ. ಉಳಿದಿರುವ ಪ್ರೊಜೆಕ್ಟರು, ಪೋಸ್ಟರು, ಟಿಕೆಟ್ ಪುಸ್ತಕಗಳನ್ನು ಗುಜರಿಯವರಿಗಿಂತ ಮೊದಲು ನಾವು ಹೋಗಿ ತರೋಣ. ಹಳೆಯ ಆಪರೇಟರುಗಳು, ಗೇಟ್‌ಕೀಪರುಗಳು ಇನ್ನೂ ಕೆಲವರು ಇದ್ದಾರೆ. ಅವರನ್ನು ಕೂರಿಸಿ ಮಾತು ರೆಕಾರ್ಡ್ ಮಾಡಿಸಿ. ಇದಕ್ಕೆ ದೊಡ್ಡ ಅನುದಾನವೇನೂ ಬೇಡ, ಅಲ್ವಾ? ಗೋಡೆಯಲ್ಲಿ ವೆಂಕಯ್ಯನವರದೊಂದು ಫೋಟೋ, ಕಾರಂತರ ಆ ಎರಡು ಚಿತ್ರಗಳ ಹೆಸರು ಇರಲಿ.

ಓಡಿದ ರೀಲನ್ನು ಹಿಂದಕ್ಕೆ ಸುತ್ತುವ ಅಪ್ಪನ ರೀವೈಂಡರ್ ನಮ್ಮ ಮನೆಯ ಅಟ್ಟದಲ್ಲಿದೆ. ಹಿಡಿ ಸ್ವಲ್ಪ ಸಡಿಲ, ತಿರುಗಿಸಿದರೆ ಈಗಲೂ ತಿರುಗುತ್ತದೆ. ಕೋಣೆಯ ಬೀಗದ ಕೈ ಸಿಕ್ಕಿದ ದಿನ ತಂದು ಇಡುತ್ತೇನೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ
ಮಂಗಳೂರು