ಚೀಟಿಯ ಕೆಳಗೆ ಇನ್ನೊಂದು ಸಾಲು ಬರೆಸಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ನಮ್ಮದೊಂದು ಪುಟ್ಟ ಬೇಕರಿ ಇದೆ. ಬ್ರೆಡ್ಡು, ಖಾರಾ ಬನ್ನು, ಬೆಣ್ಣೆ ಬಿಸ್ಕತ್ತು, ಹುಟ್ಟುಹಬ್ಬದ ಕೇಕು ಎಲ್ಲ ಮಾಡುತ್ತೇವೆ. ಆದರೆ ಕಡಲೆಬೀಜ, ಗೋಡಂಬಿ, ಬಾದಾಮಿ, ಪಿಸ್ತಾ, ಅಕ್ರೋಟು ಬಾಗಿಲು ದಾಟಿ ಒಳಗೆ ಬರುವ ಹಾಗಿಲ್ಲ. ಕೆಲಸದ ಹುಡುಗರ ಟಿಫನ್ ಡಬ್ಬಿಯ ಚಟ್ನಿಗೂ ಇದೇ ರೂಲು. ಕಡಲೆಕಾಯಿ ಪರಿಷೆ ಮಾಡುವ ಊರಲ್ಲಿ ಇದೆಂಥ ಹುಚ್ಚು ಅಂತ ಅಕ್ಕಪಕ್ಕದವರು ನಗುತ್ತಾರೆ. ನಗಲಿ. ನಮ್ಮ ಗಿರಾಕಿಗಳು ಹೆಚ್ಚಾಗಿ ಅಲರ್ಜಿ ಇರುವ ಮಕ್ಕಳ ಅಪ್ಪ ಅಮ್ಮಂದಿರು.

ಅಲರ್ಜಿ ಅಂದರೆ ಬರೀ ಮೈಮೇಲೆ ದದ್ದು ಏಳುವುದಲ್ಲ. ಜೋರಾದರೆ ಗಂಟಲು ಊದಿ ಉಸಿರು ಕಟ್ಟುತ್ತದೆ, ಬಿಪಿ ಇಳಿಯುತ್ತದೆ. ಆಗ ತಕ್ಷಣ ಅಡ್ರಿನಲಿನ್ ಇಂಜೆಕ್ಷನ್ ಕೊಡಬೇಕು. ಜೇಬಿನಲ್ಲಿ ಇಟ್ಟುಕೊಂಡು ತಾವೇ ಚುಚ್ಚಿಕೊಳ್ಳುವಂಥ ಇಂಜೆಕ್ಷನ್ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸುಲಭಕ್ಕೆ ಸಿಗಲ್ಲ. ಹಾಗಾಗಿ ಆಗದ್ದನ್ನು ತಿನ್ನದೇ ಇರುವುದೊಂದೇ ದಾರಿ. ತಿನ್ನದೇ ಇರಬೇಕಾದರೆ ತಿಂಡಿಯಲ್ಲಿ ಏನಿದೆ ಅಂತ ಗೊತ್ತಿರಬೇಕು, ಅಲ್ವಾ?

ಯಾವುದಾದರೂ ಬೇಕರಿಯ ಕೌಂಟರ್ ಮುಂದೆ ಒಮ್ಮೆ ನಿಂತು ನೋಡಿ. ಗಾಜಿನ ಭರಣಿಯಲ್ಲಿ ಕಾಂಗ್ರೆಸ್ ಕಡಲೆಬೀಜ. ಪಕ್ಕದಲ್ಲಿ ನಿಪ್ಪಟ್ಟು, ಅದರ ಪಕ್ಕ ಓಂ ಬಿಸ್ಕತ್ತು. ಕಡಲೆಬೀಜ ತೂಗಿದ ಕೈಯೇ ಬಿಸ್ಕತ್ತನ್ನೂ ಎತ್ತಿ ಕವರಿಗೆ ಹಾಕುತ್ತದೆ. ಒಳಗೆ ಗೋಡಂಬಿ ಬಿಸ್ಕತ್ತು ಬೇಯಿಸಿದ ಟ್ರೇಯನ್ನು ಒಣಬಟ್ಟೆಯಲ್ಲಿ ಒರೆಸಿ ಮುಂದಿನದನ್ನು ಜೋಡಿಸುತ್ತಾರೆ. ಓವನ್ನಿನ ಬಿಸಿಗೆ ಎಲ್ಲ ಹೋಗುತ್ತೆ ಅಂತ ನಂಬಿಕೆ. ಹೋಗಲ್ಲ. ಕಡಲೆಬೀಜವನ್ನು ಹುರಿದರೆ ಅದರಲ್ಲಿರುವ, ಅಲರ್ಜಿ ಎಬ್ಬಿಸುವ ಪ್ರೋಟೀನಿನ ಕಾಟ ಇನ್ನೂ ಜಾಸ್ತಿ. ಸ್ಯಾನಿಟೈಸರ್‌ಗೂ ಅದು ಜಗ್ಗಲ್ಲ. ಸೋಪು ನೀರು ಹಾಕಿ ಉಜ್ಜಬೇಕು. ಕೇಳಿದರೆ, "ಸ್ವಲ್ಪಾನೇ ಹಾಕಿರೋದು ಮೇಡಂ, ಏನೂ ಆಗಲ್ಲ" ಅನ್ನುತ್ತಾರೆ. ಕೆಟ್ಟ ಮನಸ್ಸಿನಿಂದ ಹೇಳುವ ಮಾತಲ್ಲ ಅದು. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ನಮ್ಮ ತಲೆನೋವು ಸಾಮಾನು ತರುವಾಗಲೇ ಶುರು. ಚಾಕೊಲೇಟ್ ಸ್ಲ್ಯಾಬಿನ ಕಂಪನಿ ಕವರಿನ ಮೇಲೆ "ಮೇ ಕಂಟೈನ್ ನಟ್ಸ್" ಅಂತಿದ್ದರೆ ಬೇಡ ಅಂತ ಬಿಡಬಹುದು. ಅದನ್ನೇ ಹೋಲ್‌ಸೇಲ್ ಅಂಗಡಿಯವರು ಒಡೆದು ಬರೀ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟರೆ ಆ ಸಾಲು ಮಾಯ. ಟೂಟಿ ಫ್ರೂಟಿ, ಕೊಬ್ಬರಿ ತುರಿ, ಕಡಲೆಹಿಟ್ಟು ಬರುವುದೂ ಹೀಗೇ. ಈ ಹಿಟ್ಟಿಗೆ ಮುಂಚೆ ಗಿರಣಿಯಲ್ಲಿ ಏನು ಬೀಸಿದ್ದಿರಿ ಅಂತ ಕೇಳಿದರೆ ಸುಮ್ನೆ ಮುಖ ನೋಡುತ್ತಾರೆ. ಎಣ್ಣೆಯದು ಇನ್ನೊಂದು ಕಥೆ. ರಿಫೈನ್ಡ್ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನು ಬಹುಪಾಲು ಹೋಗಿರುತ್ತದೆ, ಗಾಣದ ಎಣ್ಣೆಯಲ್ಲಿ ಉಳಿದಿರಬಹುದು. ಈಗ ಎಲ್ಲರಿಗೂ ಗಾಣದ್ದೇ ಬೇಕು.

ಕಾನೂನು ಇಲ್ಲ ಅಂತಲ್ಲ. 2020ರ ಲೇಬಲಿಂಗ್ ನಿಯಮದ ಪ್ರಕಾರ ಪ್ಯಾಕ್ ಮಾಡಿದ ತಿಂಡಿಯಲ್ಲಿ ಹಾಲು, ಮೊಟ್ಟೆ, ಗೋಧಿ, ಸೋಯಾ, ಕಡಲೆಬೀಜ, ಗೋಡಂಬಿ, ಬಾದಾಮಿಯಂಥವು ಇದ್ದರೆ ಬರೆಯಲೇಬೇಕು. ಆ ಪಟ್ಟಿಯಲ್ಲಿ ಎಳ್ಳು ಇಲ್ಲ, ಸಂಕ್ರಾಂತಿಗೆ ಎಳ್ಳು ಬೀರುವ ನಮ್ಮಲ್ಲೂ! ಹೋಟೆಲುಗಳ ಪೈಕಿ ಸೆಂಟ್ರಲ್ ಲೈಸೆನ್ಸ್ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಪರವಾನಗಿ) ಇರುವವರು, 10 ಅಥವಾ ಹೆಚ್ಚು ಕಡೆ ಶಾಖೆ ಇರುವವರು ಅಲರ್ಜಿಯ ವಿವರ ಕೊಡಬೇಕು. ಒಂದೇ ಅಂಗಡಿಯಲ್ಲಿ ಬಿಡಿಯಾಗಿ ಮಾರುವ ಬೇಕರಿಗೆ ಈ ಕಟ್ಟಳೆ ಇಲ್ಲ. ಬ್ರಿಟನ್ನಿನ ನತಾಶಾ ಎಂಬ 15 ವರ್ಷದ ಹುಡುಗಿ 2016ರಲ್ಲಿ ಬ್ರೆಡ್ಡಿನ ಹಿಟ್ಟಿನಲ್ಲೇ ಸೇರಿದ್ದ ಎಳ್ಳಿನಿಂದ ತೀರಿಕೊಂಡಳು. 2021ರ ಅಕ್ಟೋಬರ್‌ನಿಂದ ಬ್ರಿಟನ್‌ನಲ್ಲಿ ಅಂಗಡಿಯಲ್ಲೇ ಮಾಡಿ ಪ್ಯಾಕ್ ಮಾಡಿಟ್ಟ ತಿಂಡಿಗೂ ಪೂರ್ತಿ ಪಟ್ಟಿ ಕಡ್ಡಾಯ.

ಇದೆಲ್ಲ ದೆಹಲಿಯ ಕಾನೂನು, ನಾವೇನು ಮಾಡೋಣ ಅನ್ನಬೇಡಿ. ಜಾರಿ ಮಾಡುವವರು ನಿಮ್ಮ ಇಲಾಖೆಯವರೇ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವ ಹಾಗಿಲ್ಲ ಅಂದಿದ್ದು ಇದೇ ಇಲಾಖೆ. ಅದೇ ವರ್ಷ ಕೇಕುಗಳನ್ನು ಪರೀಕ್ಷೆ ಮಾಡಿಸಿ 235ರಲ್ಲಿ 12 ಸರಿಯಿಲ್ಲ ಅಂತ ಹೇಳಿದ್ದೂ ಇದೇ. ಬೇಕರಿಗೆ ಬರುವ ದಾರಿ ನಿಮ್ಮವರಿಗೆ ಚೆನ್ನಾಗಿ ಗೊತ್ತು.

ನಾವು ಕೇಳುವುದು ಇಷ್ಟು. ಬಿಡಿ ಸ್ವೀಟಿನ ಟ್ರೇ ಮುಂದೆ ಯಾವ ದಿನಾಂಕದೊಳಗೆ ತಿನ್ನಬೇಕು ಅನ್ನುವ ಚೀಟಿ 2020ರ ಅಕ್ಟೋಬರ್‌ನಿಂದ ಕಡ್ಡಾಯ ಇದೆ. ಆ ಚೀಟಿಯ ಕೆಳಗೆ ಇನ್ನೊಂದು ಸಾಲು ಬರೆಸಿ. ಬಿಸ್ಕತ್ತು, ಕೇಕಿಗೂ ಅಂಥ ಚೀಟಿ ಇಡಿಸಿ. ಕಡಲೆಬೀಜ ಇದೆ, ಗೋಡಂಬಿ ಇದೆ, ಎಳ್ಳು ಇದೆ ಅಂತ ಕನ್ನಡದಲ್ಲಿ ಇರಲಿ. ಕಂಪನಿ ಪ್ಯಾಕು ಒಡೆದು ಮಾರುವ ಹೋಲ್‌ಸೇಲ್‌ನವರು ಮೂಲ ಲೇಬಲಿನ ಪ್ರತಿ ಜೊತೆಗೆ ಕೊಡಲಿ.

ಒಂದು ಭಯವನ್ನೂ ಹೇಳಿಬಿಡುತ್ತೇನೆ. ಬರೀ ಆರ್ಡರ್ ಹೊರಡಿಸಿದರೆ ಎಲ್ಲರೂ ಎಲ್ಲದರ ಮೇಲೂ "ನಟ್ಸ್ ಇರಬಹುದು" ಅಂತ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಆಗ ಆ ತಾಯಂದಿರಿಗೆ ಬ್ರೆಡ್ಡೂ ಇಲ್ಲ, ಬನ್ನೂ ಇಲ್ಲ. ಅದಕ್ಕೇ ಲೈಸೆನ್ಸ್ ನೋಡಲು ಬರುವ ಅಧಿಕಾರಿ ಚೀಟಿ ನೋಡಿದರೆ ಸಾಲದು. ಟ್ರೇ ಹೇಗೆ ತೊಳೆಯುತ್ತೀರಿ, ಸೌಟು ಬೇರೆ ಇದೆಯಾ ಅಂತಲೂ ಕೇಳಬೇಕು. ಕಾಂಗ್ರೆಸ್ ಕಡಲೆಬೀಜ ನಿಲ್ಲಿಸಿ ಅಂತ ಖಂಡಿತ ಹೇಳುತ್ತಿಲ್ಲ. ನನಗೂ ಅದು ಇಷ್ಟವೇ. ಭಾನುವಾರ ಮನೆಯಲ್ಲಿ ತಿಂತೀನಿ.

ಮೊದಲು ಬೆಂಗಳೂರಿನ ಒಂದೆರಡು ವಾರ್ಡಿನಲ್ಲಿ ಮಾಡಿಸಿ ನೋಡಿ. ಚೀಟಿಯ ನಮೂನೆ ನಾವೇ ಬರೆದುಕೊಡುತ್ತೇವೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಮ್ಮ ಓವನ್ ಆಫ್ ಇರುತ್ತದೆ. ಆ ಹೊತ್ತಿಗೆ ನಿಮ್ಮ ಅಧಿಕಾರಿಗಳು ಬಂದರೆ ತೊಳೆಯುವುದು ಹೇಗೆ, ಸಾಮಾನು ಬೇರೆ ಇಡುವುದು ಹೇಗೆ ಅಂತ ಒಳಗೇ ಕರೆದು ತೋರಿಸುತ್ತೇವೆ.

ಇಂತಿ,
ಬೆಂಗಳೂರಿನ ಒಬ್ಬ ಬೇಕರಿಯವಳು