ಸೇತುವೆಗಳನ್ನು ಅಡಿಯಿಂದಲೂ ನೋಡಿ
ಮಾನ್ಯರೇ,
2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೆ ಕಾಳಿ ಸೇತುವೆ ಕುಸಿಯಿತು. ಇನ್ನಾದರೂ ಕರಾವಳಿಯ ಉಳಿದ ಸೇತುವೆಗಳ ತಪಾಸಣೆ ದೋಣಿಯಲ್ಲಿ ಹೋಗಿ ಅಡಿಯಿಂದ ಆಗಬೇಕು.

ಉಪ್ಪುನೀರಿನ ಕ್ಲೋರೈಡ್ ಕಾಂಕ್ರೀಟಿನೊಳಗಿನ ಸರಳು ಮುಟ್ಟಿತೆಂದರೆ ತುಕ್ಕು ಶುರು. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು, ಹಾಗಾಗಿ ಕಾಂಕ್ರೀಟ್ ಒಳಗಿನಿಂದಲೇ ಸೀಳುತ್ತದೆ. ಭರತ-ಇಳಿತದಲ್ಲಿ ನೆನೆದು ಒಣಗುವ ಕಂಬದ ಭಾಗಕ್ಕೇ ಹೆಚ್ಚು ಪೆಟ್ಟು. ಅಲ್ಲಿ ಮೇಲಿಂದ ಸಿಮೆಂಟ್ ಬಳಿದರೆ ಬಿರುಕು ಕಾಣಿಸುವುದಿಲ್ಲ ಅಷ್ಟೇ, ತುಕ್ಕು ನಿಲ್ಲುವುದಿಲ್ಲ. ಸರಳಿನ ಹಿಂದೆಯೂ ಸುಮಾರು 20 ಮಿ.ಮೀ. ಕೆತ್ತಿ, ಲೋಹ ಹೊಳೆಯುವವರೆಗೆ ಉಜ್ಜಿ, ಸಿಹಿನೀರಿನಲ್ಲಿ ತೊಳೆದ ಮೇಲೆಯೇ ಹೊಸ ಗಾರೆ ತುಂಬಬೇಕು.

ಮಳೆಗಾಲಕ್ಕೆ ಮುಂಚೆ ಸೇತುವೆ ಮೇಲಿನ ಮಳೆನೀರು ಹೊರಹೋಗುವ ಕೊಳವೆಗಳಲ್ಲಿ ತುಂಬಿದ ಮಣ್ಣು ತೆಗೆಸಿ. ತಪಾಸಣಾ ವರದಿಗಳು ಜನರಿಗೂ ಸಿಗಲಿ.

– ನಿವೃತ್ತ ಎಂಜಿನಿಯರ್, ಕಾರವಾರ