ಗೋಡೆ ಬರೆಯಲು ಹೊರಟ ಪುಟ್ಟಿಗೆ

ಚಾಮರಾಜಪೇಟೆ, ಬೆಂಗಳೂರು

ಚಿ|| ಪುಟ್ಟಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು. ನನ್ನ ಮಂಡಿನೋವೊಂದು ಬಿಟ್ಟರೆ ಇಲ್ಲಿ ಎಲ್ಲವೂ ಕ್ಷೇಮ.

ನಿನಗೆ ಅಷ್ಟುದ್ದದ ಗೋಡೆ ಸಿಕ್ಕಿದೆಯೆಂದೂ, ಅದರ ಮೇಲೆ ಬೆಂಗಳೂರಿನ ಹೆಣ್ಣುಮಕ್ಕಳನ್ನು ಬರೆಯುತ್ತೀಯೆಂದೂ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ನೀನು ಕಳಿಸಿದ ಕರಡನ್ನೂ ನೋಡಿದೆ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವಳು ನಾನು, ಸುಮ್ಮನಿರು ಎಂದರೆ ಹೇಗೆ ಇರಲಿ? ಬಣ್ಣ ಚೆನ್ನಾಗಿದೆ. ಆದರೆ ಎಲ್ಲರಿಗೂ ಒಂದೇ ಮುಖ ಯಾಕೆ? ಎಲ್ಲರ ತಲೆಯ ಹಿಂದೂ ಪ್ರಭಾವಳಿ, ಎಲ್ಲರ ಕಣ್ಣೂ ಅರ್ಧ ಮುಚ್ಚಿದೆ. ಗೋಡೆಗೆ ಉಚ್ಚೆ ಹೊಯ್ಯದಿರಲೆಂದು ದೇವರ ಟೈಲ್ಸ್ ಅಂಟಿಸುವ ಊರು ಇದು. ನಿನ್ನ ಚಿತ್ರವೂ ಅದೇ ಕೆಲಸಕ್ಕೆ ಬಂದೀತು, ನೋಡಿಕೋ.

ನಟ್ಟನಡುವೆ ಕೆಂಪೇಗೌಡರ ಸೊಸೆ ಲಕ್ಷ್ಮಮ್ಮನನ್ನು ಕೂರಿಸಿದ್ದೀಯ. ಕೋಟೆಯ ಬಾಗಿಲು ನಿಲ್ಲದೆ ಬೀಳುತ್ತಿತ್ತು, ಬಸುರಿ ಹೆಂಗಸು ರಾತ್ರಿ ಎದ್ದು ಹೋಗಿ ತನ್ನ ಕುತ್ತಿಗೆ ಕೊಟ್ಟಳು, ಬಾಗಿಲು ನಿಂತಿತು ಎನ್ನುವುದು ಐತಿಹ್ಯ. ಕೋರಮಂಗಲದ ಅವಳ ಗುಡಿಗೆ ನಾನೂ ಹೋಗಿ ಕೈಮುಗಿದು ಬಂದಿದ್ದೇನೆ. ಅವಳನ್ನು ತೆಗೆದುಬಿಡು ಎನ್ನುವುದಿಲ್ಲ, ಪಕ್ಕಕ್ಕೆ ಸರಿಸು. ಸತ್ತು ದೇವರಾದವಳನ್ನು ಊರು ಹೇಗೂ ಮರೆಯುವುದಿಲ್ಲ. ಹಟ ಹಿಡಿದು ಬದುಕಿದವರಿಗೆ ನಡುವೆ ಜಾಗ ಮಾಡಿಕೊಡು.

ಬೆಂಗಳೂರು ನಾಗರತ್ನಮ್ಮನವರಿಗೆ ಬಿಳಿ ಸೀರೆ ಉಡಿಸಿ, ವೀಣೆ ಕೊಟ್ಟು ಸರಸ್ವತಿ ಮಾಡಿಟ್ಟಿದ್ದೀಯಲ್ಲ! ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಈ ಹಾಡುಗಾರ್ತಿ ದೇವದಾಸಿ ಮನೆತನದವರು. ಅದನ್ನು ಮುಚ್ಚಿಡಬೇಡ, ಅವರೇ ಮುಚ್ಚಿಡಲಿಲ್ಲ. ಮುದ್ದುಪಳನಿ ಎಂಬ ಹಳೆಯ ಕವಯಿತ್ರಿಯ ತೆಲುಗು ಶೃಂಗಾರಕಾವ್ಯದಿಂದ ಹಿಂದಿನವರು ಕಿತ್ತುಹಾಕಿದ್ದ ಪದ್ಯಗಳನ್ನೆಲ್ಲ ಮತ್ತೆ ಸೇರಿಸಿ 1910ರಲ್ಲಿ ಅಚ್ಚು ಹಾಕಿಸಿದರು. ಅಶ್ಲೀಲವೆಂದು ಬ್ರಿಟಿಷ್ ಸರ್ಕಾರ ಅದನ್ನು ನಿಷೇಧಿಸಿತು. ತಿರುವಯ್ಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಲು ಸ್ವಂತ ದುಡ್ಡು ಸುರಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡಕೂಡದು ಎಂದಿದ್ದಕ್ಕೆ ಹೆಂಗಸರದೇ ಬೇರೆ ಆರಾಧನೆ ನಡೆಸಿದರು. ಅಂಥವರ ಕಣ್ಣು ಅರ್ಧ ಮುಚ್ಚಿರುತ್ತಿತ್ತೇ? ವೀಣೆ ತೆಗೆದು ಕೈಗೆ ಅಚ್ಚಿನ ಕರಡು ಕೊಡು. ನನ್ನ ಕಸುಬಿನ ಪಕ್ಷಪಾತ ಎಂದುಕೊಂಡರೂ ಸರಿಯೇ.

ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ, ಕಮಲಾ ನಿನ್ನ ಪಟ್ಟಿಯಲ್ಲೇ ಇಲ್ಲ. ಬೊಂಬಾಯಿಂದ 1933ರಲ್ಲಿ ಬಂದ ಹುಡುಗಿ, ಕಮಲಾ ಭಾಗವತ್. ಮದುವೆಯಾದ ಮೇಲೆ ಸೊಹೋನಿ. ಹೆಣ್ಣೆಂದು ಅಲ್ಲಿನ ನಿರ್ದೇಶಕ ಸಿ.ವಿ. ರಾಮನ್ ಸೇರಿಸಿಕೊಳ್ಳಲಿಲ್ಲ. ಜಗ್ಗದೆ ಕೂತಳು. ಒಂದು ವರ್ಷ ನೋಡೋಣ ಎಂಬ ಷರತ್ತಿನ ಮೇಲೆ ಒಳಗೆ ಬಿಟ್ಟರು. 1939ರಲ್ಲಿ ಕೇಂಬ್ರಿಜ್ಜಿನ ಡಾಕ್ಟರೇಟೂ ಬಂತು. ರಾಮನ್ ದೊಡ್ಡವರಲ್ಲವೇ ಎಂದು ಈ ಕತೆ ನುಂಗಬೇಡ. ದೊಡ್ಡವರೇ. ಅದೂ ಇರಲಿ, ಇದೂ ಇರಲಿ.

ಇನ್ನು ನಮ್ಮ ಪೇಟೆಯವರೇ ಒಬ್ಬರು. ಇಲ್ಲಿ ಯಾವ ಆಟೋದವನಿಗೆ ಬೇಕಾದರೂ 'ಮಕ್ಕಳ ಕೂಟ' ಎನ್ನು, ಕರೆದುಕೊಂಡು ಹೋಗಿ ಬಿಡುತ್ತಾನೆ. ಮಕ್ಕಳಿಗಾಗಿ ಆ ಸಂಸ್ಥೆ ಕಟ್ಟಿದ ಆರ್. ಕಲ್ಯಾಣಮ್ಮ ಯಾರೆಂದು ಕೇಳಿ ನೋಡು, ಮೀಟರ್ ನೋಡುತ್ತಾನೆ. ಬಾಲವಿಧವೆ, ಪುಟ್ಟಿ. ಮೂಲೆಯಲ್ಲಿ ಕೂರಬೇಕೆಂದು ಲೋಕ ಹೇಳುವ ಕಾಲದಲ್ಲಿ, 1921ರಲ್ಲಿ, 'ಸರಸ್ವತಿ' ಎಂಬ ಮಾಸಪತ್ರಿಕೆ ಶುರುಮಾಡಿ ನಾಲ್ಕು ದಶಕ ನಡೆಸಿದರು. ಪತ್ರಿಕೆಯೆಂದರೆ ಲೇಖನ ಮಾತ್ರವಲ್ಲ. ಕಾಗದದ ಬಾಕಿ, ಚಂದಾ ವಸೂಲಿ, ಅಂಚೆ ಚೀಟಿ. ಅದನ್ನು ಬರೆಯಲು ಬರುತ್ತದೆಯೇ ನಿನಗೆ? ಅವರ ಮೇಜನ್ನು ಬರೆ. ಮುಖ ಆಮೇಲೆ ಬರಲಿ.

ಕತೆಗಾಗಿ ಫೋನಿನಲ್ಲಿ ಸ್ಕ್ಯಾನ್ ಮಾಡುವ ಚೌಕ ಹಾಕುತ್ತೀಯಂತೆ. ಹಾಕು. ಅದರ ಜೊತೆ ಬಸ್ಸಿಗೆ ಕಾಯುವವಳು ನಿಂತಲ್ಲಿಂದಲೇ ಓದುವಷ್ಟು ದಪ್ಪ ಅಕ್ಷರದಲ್ಲಿ ಒಬ್ಬೊಬ್ಬರಿಗೂ ನಾಲ್ಕು ಸಾಲು ಕನ್ನಡ ಇರಲಿ. ಕಂಪ್ಯೂಟರಿನಿಂದ ತೆಗೆದರೆ ಒತ್ತಕ್ಷರ ಕಳಚಿ ಬೀಳುತ್ತವೆ. ಮೊದಲು ನನಗೆ ಕಳಿಸು. ಗೋಡೆಗೆ ತಪ್ಪು-ಒಪ್ಪು ಪಟ್ಟಿ ಅಂಟಿಸಲು ಬರುವುದಿಲ್ಲ.

ಸಾರವೆ ಮೇಲೆ ನಿಂತಾಗ ಯಾರಾದರೂ "ಯಾರಮ್ಮಾ ಇದು?" ಎಂದರೆ ಸಿಡುಕಬೇಡ. ಇಳಿದು ಬಂದು ಹೇಳು. ಎಷ್ಟು ಸಲ ಕೇಳಿದರೂ ಹೇಳು, ಬಣ್ಣ ಒಣಗಲು ಹೇಗೂ ಹೊತ್ತು ಬೇಕಲ್ಲ.

ಶನಿವಾರ ಬಾ. ಮಕ್ಕಳ ಕೂಟಕ್ಕೆ ಹೋಗಿ ಬರೋಣ, ನಿಧಾನವಾಗಿಯಾದರೂ ನಡೆಯುತ್ತೇನೆ. ಬರುವಾಗ ವಿ.ವಿ. ಪುರದಿಂದ ಕಾಂಗ್ರೆಸ್ ಕಡ್ಲೆಬೀಜ ತಾ. ನಿಮ್ಮಪ್ಪನಿಗೆ ಹೇಳಬೇಡ.

ಇಂತಿ,
ನಿನ್ನ ಅತ್ತೆ